ಪೋಲೆಂಡಿಗೆ ಹೊರಟ ತಮ್ಮಂದಿರೇ, ಒಂದು ಲೆಕ್ಕ ಕೇಳಿ

ಪೋಲೆಂಡಿಗೆ ಹೋಗಿ ಬಂದೆ ಅಂದ ಕೂಡಲೇ ನಮ್ಮ ಕಡೆಯ ಹುಡುಗರು ಕೇಳೋದು ಒಂದೇ ಪ್ರಶ್ನೆ: ‘ಅಣ್ಣಾ, ಸಂಬಳ ಎಷ್ಟು ಕೊಡ್ತಾರೆ?’ ಅಲ್ಲಿ ಏನು ಬೆಳೀತಾರೆ, ಹೇಗೆ ಮಾರ್ತಾರೆ ಅಂತ ಒಬ್ಬನೂ ಕೇಳಲಿಲ್ಲ. ಅವರನ್ನು ದೂರೋಕೆ ನನಗೆ ಬಾಯಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ನಾನು 2024ರ ಸೆಪ್ಟೆಂಬರ್ ಕೊನೆಯಲ್ಲಿ ಹತ್ತು ದಿನ ಅಲ್ಲಿದ್ದೆ. ಪ್ರವಾಸ ಅಂತ ವೀಸಾ ತಗೊಂಡು ಹೋದರೂ ನಿಜವಾದ ಕಾರಣ ಬೇರೆ ಇತ್ತು. ನನ್ನ ಚಿಕ್ಕಪ್ಪನ ಮಗ ಅಲ್ಲಿ ಸೇಬಿನ ಪ್ಯಾಕ್‌ಹೌಸಿನಲ್ಲಿ ಕೆಲಸ ಮಾಡ್ತಾ ಇದ್ದಾನೆ. ಮೂರು ತಿಂಗಳಿಂದ ಫೋನಿನಲ್ಲಿ ‘ಎಲ್ಲಾ ಚೆನ್ನಾಗಿದೆ’ ಅನ್ನೋದು ಬಿಟ್ಟು ಇನ್ನೇನೂ ಹೇಳಿರಲಿಲ್ಲ. ಚಿಕ್ಕಮ್ಮ ಒಂದು ಡಬ್ಬಿ ಚಟ್ನಿಪುಡಿ ಕೈಗಿಟ್ಟು ‘ಒಂದು ಸಲ ಕಣ್ಣಾರೆ ನೋಡ್ಕೊಂಡು ಬಾರಪ್ಪ’ ಅಂದರು.

ಮೊದಲ ದಿನವೇ ಪಾಠ

ವಾರ್ಸಾದಲ್ಲಿ ಇಳಿದು ಟ್ರಾಮ್ ಹತ್ತಿದೆ. ಟಿಕೆಟ್ ಕೊಂಡು ಜೇಬಿಗೆ ಹಾಕಿಕೊಂಡು ಕೂತಿದ್ದೆ. ಪಕ್ಕದ ಅಜ್ಜಿಯೊಬ್ಬರು ನನ್ನ ತೋಳು ತಟ್ಟಿ, ಕಂಬಕ್ಕೆ ಹಾಕಿದ್ದ ಹಳದಿ ಪೆಟ್ಟಿಗೆ ತೋರಿಸಿದರು. ಅಲ್ಲಿ ಕಾಗದದ ಟಿಕೆಟ್ ಕೊಂಡರೆ ಸಾಲದು, ಹತ್ತಿದ ಮೇಲೆ ಯಂತ್ರಕ್ಕೆ ಕೊಟ್ಟು ಮುದ್ರೆ ಒತ್ತಿಸಬೇಕು. ಕಂಡಕ್ಟರ್ ಇರೋದಿಲ್ಲ. ತಪಾಸಣೆಯವರು ಬಂದಾಗ ಮುದ್ರೆ ಇಲ್ಲದಿದ್ದರೆ ದಂಡ. ‘ಜೆಂಕೂಯೆ’ ಅಂದೆ, ಅಂದರೆ ಧನ್ಯವಾದ. ಅಜ್ಜಿ ನಗಲಿಲ್ಲ, ತಲೆ ಆಡಿಸಿ ಕಿಟಕಿ ಕಡೆ ತಿರುಗಿದರು. ಅಲ್ಲಿನ ಜನ ಹಾಗೇ. ಸುಮ್ಮಸುಮ್ಮನೆ ನಗೋದಿಲ್ಲ, ಟ್ರಾಮಿನಲ್ಲಿ ಜೋರಾಗಿ ಮಾತಾಡೋದಿಲ್ಲ. ಆದರೆ ನೀವು ತಪ್ಪು ದಾರಿಯಲ್ಲಿದ್ದರೆ ತೋಳು ತಟ್ಟುತ್ತಾರೆ.

ವಾರ್ಸಾದ ಹಳೇ ಪೇಟೆ ನೋಡಿದರೆ ಮುನ್ನೂರು ವರ್ಷದ್ದು ಅನ್ನಿಸುತ್ತೆ. ಅಸಲಿಗೆ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಅದನ್ನು ನೆಲಸಮ ಮಾಡಿದ್ದರು. ಹಳೆಯ ಚಿತ್ರಗಳನ್ನು, ನಕ್ಷೆಗಳನ್ನು ನೋಡಿ ಜನ ಮತ್ತೆ ಕಟ್ಟಿದರು. 1980ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಅದೇ ಯುದ್ಧದ ಕಾಲದಲ್ಲಿ ನಮ್ಮ ಬೆಳಗಾವಿ ಗಡಿಯಾಚೆಗಿನ ಕೊಲ್ಲಾಪುರದ ಹತ್ತಿರ, ವಳಿವಡೆ ಅನ್ನೋ ಊರಲ್ಲಿ, ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರು 1943ರಿಂದ 1948ರವರೆಗೆ ಇದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಕೊಲ್ಲಾಪುರದ ಹೆಸರಿನ ಸ್ಮಾರಕ ಇವತ್ತು ವಾರ್ಸಾದಲ್ಲಿದೆ. ಅವತ್ತು ಅವರು ಜೀವ ಉಳಿಸಿಕೊಳ್ಳೋಕೆ ಇಲ್ಲಿಗೆ ಬಂದರು, ಇವತ್ತು ನಮ್ಮ ಹುಡುಗರು ಸಾಲ ತೀರಿಸೋಕೆ ಅಲ್ಲಿಗೆ ಹೋಗ್ತಾ ಇದ್ದಾರೆ.

ಯುರೋಪಿನ ಸೇಬಿನ ತೋಟ

ವಾರ್ಸಾದಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಒಂದು ಗಂಟೆ ಹೋದರೆ ಗ್ರುಯೆಟ್ಸ್. ಐರೋಪ್ಯ ಒಕ್ಕೂಟದಲ್ಲಿ ಅತಿ ಹೆಚ್ಚು ಸೇಬು ಬೆಳೆಯೋ ದೇಶ ಪೋಲೆಂಡ್, ಆ ಸೇಬಿನ ತವರು ಗ್ರುಯೆಟ್ಸ್. ರಸ್ತೆಯ ಎರಡೂ ಕಡೆ ಸಾಲು ಸಾಲು ಗಿಡ. ನಮ್ಮ ಮಾವಿನ ತೋಟದ ಹಾಗೆ ದೊಡ್ಡ ಮರಗಳಲ್ಲ. ಎಂ-9 ಅನ್ನೋ ಗಿಡ್ಡ ಬೇರುಕಾಂಡದ ಮೇಲೆ ಕಸಿ ಮಾಡಿ, ಕಂಬ ತಂತಿಗೆ ಕಟ್ಟಿ, ಒತ್ತೊತ್ತಾಗಿ ನೆಟ್ಟ ಆಳೆತ್ತರಕ್ಕಿಂತ ತುಸು ಜಾಸ್ತಿ ಇರುವ ಗಿಡಗಳು. ಹೆಚ್ಚಿನ ಹಣ್ಣು ನೆಲದ ಮೇಲೆ ನಿಂತೇ ಕೀಳಬಹುದು.

ನನ್ನನ್ನು ಒಂದು ತೋಟದ ಯಜಮಾನರ ಮನೆಗೆ ತಮ್ಮ ಕರಕೊಂಡು ಹೋದ. ಅರವತ್ತು ದಾಟಿದ ಮನುಷ್ಯ. ಮಾತೆಲ್ಲ ಫೋನಿನ ಅನುವಾದದಲ್ಲೇ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಅದು ನಮ್ಮ ಮನೆಯ ಹಾಗೇ. ಮಧ್ಯಾಹ್ನ ಎರಡೂವರೆಗೆ ಊಟ: ಮೊದಲು ಸೂಪು, ಆಮೇಲೆ ಆಲೂಗಡ್ಡೆ, ಗಿಣ್ಣು ತುಂಬಿದ ಪ್ಯೆರೋಗಿ. ನೋಡೋಕೆ ನಮ್ಮ ಕಡುಬು. ಜೊತೆಗೆ ಉಪ್ಪುನೀರಲ್ಲಿ ಹುಳಿ ಬರಿಸಿದ ಸೌತೆ, ಎಲೆಕೋಸು. ಸೌತೆಕಾಯಿ ಬೆಲೆ ಬಿದ್ದಾಗ ತಿಪ್ಪೆಗೆ ಸುರಿಯೋ ನಾವು, ಅದನ್ನು ಸಬ್ಬಸಿಗೆ, ಬೆಳ್ಳುಳ್ಳಿ ಜೊತೆ ಬಾಟಲಿಗೆ ಹಾಕಿ ವರ್ಷವಿಡೀ ತಿನ್ನೋ ಅವರು.

ನಮಗೆ ರೋಹಿಣಿ, ಮೃಗಶಿರ ಇದ್ದ ಹಾಗೆ ಅವರಿಗೂ ಒಂದು ಲೆಕ್ಕ ಇದೆ. ಮೇ 12, 13, 14ರ ಮೂವರು ಸಂತರನ್ನು ‘ಚಳಿಯ ತೋಟಗಾರರು’ ಅಂತಾರೆ. ಆ ಮೂವರೂ ದಾಟೋವರೆಗೆ ಟೊಮೆಟೊ ಸಸಿ ಬಯಲಲ್ಲಿ ನೆಡಬಾರದು, ಹಿಮ ಬೀಳುತ್ತೆ. ಸೇಬು ಹೂ ಬಿಡೋ ಹೊತ್ತಿಗೆ ಹಿಮ ಬಿದ್ದರೆ ವರ್ಷದ ಫಸಲೇ ಹೋಯಿತು. 2017ರಲ್ಲಿ ಹಾಗೇ ಆಯಿತು, 2024ರ ಏಪ್ರಿಲ್‌ನಲ್ಲೂ ಹೊಡೆತ ಬಿತ್ತು. ರಾತ್ರಿಯಿಡೀ ಸ್ಪ್ರಿಂಕ್ಲರ್ ಬಿಟ್ಟು ಹೂವಿನ ಮೇಲೆ ಮಂಜುಗಡ್ಡೆ ಕಟ್ಟಿಸುತ್ತಾರೆ. ನೀರು ಗಡ್ಡೆಯಾಗುವಾಗ ಬಿಡೋ ಶಾಖ ಹೂವನ್ನು ಸೊನ್ನೆ ಡಿಗ್ರಿ ಆಸುಪಾಸಿನಲ್ಲೇ ಹಿಡಿದು ಕಾಪಾಡುತ್ತೆ. ಮಧ್ಯೆ ನೀರು ನಿಂತರೆ ಮಾತ್ರ ಕೆಲಸ ಕೆಟ್ಟಿತು.

ಒಂದು ಮಾತು ನೆನಪಿಡಿ. ಅಲ್ಲಿನ ರೈತರೆಲ್ಲ ಸಾವಿರ ಎಕರೆ ಜಮೀನ್ದಾರರಲ್ಲ. ಸರಾಸರಿ ಹಿಡುವಳಿ 11 ಹೆಕ್ಟೇರ್ ಆಸುಪಾಸು. ನಮಗೆ ಹೋಲಿಸಿದರೆ ದೊಡ್ಡದೇ, ಆದರೆ ಕ್ರಾಕುವ್ ಸುತ್ತಮುತ್ತ ನಮ್ಮ ಹಾಗೇ ಅಣ್ಣತಮ್ಮಂದಿರಿಗೆ ಪಾಲಾಗಿ ರಿಬ್ಬನ್ನಿನ ಹಾಗೆ ಉಳಿದ ಪಟ್ಟಿಗಳಿವೆ. ಕಮ್ಯುನಿಸ್ಟ್ ಆಡಳಿತದಲ್ಲಿ ಅಕ್ಕಪಕ್ಕದ ದೇಶಗಳ ಜಮೀನು ಸಾಮೂಹಿಕ ಕೃಷಿಗೆ ಹೋದಾಗಲೂ ಪೋಲಿಷ್ ರೈತರು ಜಗ್ಗಲಿಲ್ಲ. ಬಹುಪಾಲು ಜಮೀನು ಅವರ ಕೈಯಲ್ಲೇ ಉಳಿಯಿತು.

ಹಣ ಬರೋದು ಎಲ್ಲಿ?

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನಾನಿದ್ದಾಗ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 4,300 ಝ್ವೊತಿ, ಗಂಟೆ ಲೆಕ್ಕದಲ್ಲಾದರೆ 28.10. ಒಂದು ಝ್ವೊತಿ ಅಂದರೆ ಆಗ ಸುಮಾರು 21 ರೂಪಾಯಿ. ಏಜೆಂಟ್ ‘ತೊಂಬತ್ತು ಸಾವಿರ ಸಂಬಳ’ ಅಂತ ಹೇಳೋದು ಈ 4,300ರ ಲೆಕ್ಕ. ವಿಮೆ, ತೆರಿಗೆ ಕಳೆದು ಕೈಗೆ ಬರೋದು 3,260 ಚಿಲ್ಲರೆ. ನನ್ನ ತಮ್ಮ ಆರು ಜನರಿರೋ ಕೋಣೆಯ ಒಂದು ಮಂಚಕ್ಕೆ 600 ಕೊಡ್ತಾನೆ, ಊಟ, ಫೋನು, ಬಸ್ಸು ಸೇರಿ 650. ಉಳಿಯೋದು 2,000, ನಮ್ಮ 42 ಸಾವಿರ.

ಚೆನ್ನಾಗೇ ಇದೆಯಲ್ಲ ಅಂತೀರಾ? ತಡೀರಿ. ಅವನು ಏಜೆಂಟ್‌ಗೆ ಕೊಟ್ಟಿದ್ದು ನಾಲ್ಕೂವರೆ ಲಕ್ಷ, ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದದ್ದು. ತಿಂಗಳ ಬಡ್ಡಿಯೇ 13,500. ಅದು ಕಳೆದರೆ 28,500. ಇದೂ ಕೆಲಸ ಪೂರ್ತಿ ಇದ್ದ ತಿಂಗಳಲ್ಲಿ ಮಾತ್ರ. ‘ಸೂಪರ್‌ವೈಸರ್ ಕೆಲಸ’ ಅಂತ ಕರಕೊಂಡು ಹೋದವನು ಮಾಡ್ತಾ ಇರೋದು ಕ್ರೇಟು ಎತ್ತೋ ಕೆಲಸ. ಕೆಲಸ ಕೀಳಲ್ಲ, ಸುಳ್ಳು ಹೇಳಿ ಕಳಿಸಿದ್ದು ಕೀಳು. ಭಾನುವಾರ ದೊಡ್ಡ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ, 2018ರಿಂದ ಅದಕ್ಕೆ ಕಾನೂನೇ ಇದೆ. ಆ ದಿನ ಅವನು ಕೋಣೆಯಲ್ಲಿ ಕೂತು ನಮ್ಮೂರ ವಾಟ್ಸಾಪ್ ಗುಂಪು ನೋಡ್ತಾ ಇರ್ತಾನೆ.

ತಪ್ಪು ನನ್ನದೂ ಇದೆ

ಅವನು ಊರು ಬಿಟ್ಟಿದ್ದು ದಾಳಿಂಬೆಯಿಂದ. ಹೊಸದುರ್ಗದ ನಮ್ಮ ಕಡೆ ದಾಳಿಂಬೆಗೆ ಒಳ್ಳೆ ಬೆಲೆ ಇದ್ದ ವರ್ಷ ಎರಡು ಎಕರೆಗೂ ಅದನ್ನೇ ಹಾಕಿಸಿದ. ಎರಡನೇ ಫಸಲಿಗೆ ದುಂಡಾಣು ಅಂಗಮಾರಿ ಬಂತು, ಮಳೆ ಹಿಡಿದುಕೊಂಡಿತು, ಕಾಯಿ ಕಪ್ಪಾಗಿ ಸೀಳಿ ಬಿದ್ದವು. ಗಿಡ ಕಿತ್ತು ಹಾಕಿದಾಗ ಸಾಲ ಮಾತ್ರ ಬೇರು ಬಿಟ್ಟಿತ್ತು.

ದಾಳಿಂಬೆ ಹಾಕು ಅಂತ ಹೇಳಿದ್ದು ನಾನೇ. ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಿ ಬಂದವನು, ಅಂತರ, ಗೊಬ್ಬರ, ಚಾಟ್ನಿ ಎಲ್ಲ ಬರೆದುಕೊಟ್ಟೆ. ಒಂದೇ ಬೆಳೆಗೆ ಎರಡೂ ಎಕರೆ ಒತ್ತೆ ಇಡಬೇಡ ಅಂತ ಹೇಳಲಿಲ್ಲ. ಬೆಲೆ ಬಿದ್ದರೆ, ರೋಗ ಬಂದರೆ ಏನು ಮಾಡ್ತೀಯ ಅಂತ ಕೇಳಲಿಲ್ಲ. ಬೆಳೆಸೋದು ಹೇಗೆ ಅಂತ ಹೇಳಿದೆ, ಬದುಕೋದು ಹೇಗೆ ಅಂತ ಹೇಳಲಿಲ್ಲ.

ಗ್ರುಯೆಟ್ಸ್‌ನ ಯಜಮಾನರು 2014ರ ಕಥೆ ಹೇಳಿದಾಗ ನನಗೆ ಇದೇ ಚುಚ್ಚಿದ್ದು. ಅಲ್ಲಿಯವರೆಗೆ ಪೋಲೆಂಡಿನ ಸೇಬು ರಫ್ತಿನಲ್ಲಿ ಅರ್ಧಕ್ಕೂ ಹೆಚ್ಚು ರಷ್ಯಾ ಒಂದಕ್ಕೇ ಹೋಗ್ತಿತ್ತು. ಆ ವರ್ಷದ ಆಗಸ್ಟ್‌ನಲ್ಲಿ, ಕೊಯ್ಲು ಎದುರಿಗಿರುವಾಗ, ರಷ್ಯಾ ಬಾಗಿಲು ಹಾಕಿತು. ಹಣ್ಣು ಗಿಡದಲ್ಲಿ, ಕೊಳ್ಳೋರು ಇಲ್ಲ. ದೇಶದ ಜನ ‘ಸೇಬು ತಿನ್ನಿ’ ಅಂತ ಹಠಕ್ಕೆ ಬಿದ್ದು ತಿಂದರು, ಆದರೆ ಎಷ್ಟು ಅಂತ ತಿಂದಾರು? ಆಮೇಲೆ ಈಜಿಪ್ಟ್, ನಮ್ಮ ಭಾರತ, ಹೀಗೆ ಹೊಸ ಮಾರುಕಟ್ಟೆ ಹುಡುಕಿದರು. ಇವತ್ತು ನಮ್ಮ ಹಣ್ಣಿನ ಅಂಗಡಿಯಲ್ಲಿ ಸ್ಟಿಕರ್ ಅಂಟಿಸಿಕೊಂಡ ಪೋಲಿಷ್ ಸೇಬು ಕಂಡರೆ ಆ ಪೆಟ್ಟನ್ನು ನೆನೆಸಿಕೊಳ್ಳಿ.

ಅವರು ಚೇತರಿಸಿಕೊಳ್ಳೋಕೆ ಆಧಾರವಾಗಿದ್ದು ಎರಡು. ಒಂದು, ಬೆಳೆಗಾರರ ಗುಂಪುಗಳು. ಹತ್ತಾರು ರೈತರು ಸೇರಿ, ಐರೋಪ್ಯ ಒಕ್ಕೂಟದ ನೆರವು ಪಡೆದು, ಒಂದು ಪ್ಯಾಕ್‌ಹೌಸ್, ಒಂದು ಗ್ರೇಡಿಂಗ್ ಯಂತ್ರ ಇಟ್ಟುಕೊಂಡಿದ್ದಾರೆ. ಎರಡು, ಶೀತಲಗೃಹ. ಬರೀ ತಂಪು ಮಾಡೋದಲ್ಲ, ಒಳಗಿನ ಆಮ್ಲಜನಕವನ್ನೂ ಶೇಕಡಾ ಒಂದೆರಡಕ್ಕೆ ಇಳಿಸಿ ಹಣ್ಣನ್ನು ನಿದ್ದೆ ಮಾಡಿಸುತ್ತಾರೆ. ಸೆಪ್ಟೆಂಬರ್‌ನಲ್ಲಿ ಕಿತ್ತ ಸೇಬು ಮೇನಲ್ಲಿ ಗರಿಗರಿಯಾಗಿ ಮಾರಾಟಕ್ಕೆ ಬರುತ್ತೆ. ಗ್ರೇಡಿಗೆ ನಿಲ್ಲದ್ದು ರಸದ ಕಾರ್ಖಾನೆಗೆ.

ಹಾಗಂತ ಅಲ್ಲಿ ಎಲ್ಲಾ ಸುಖ ಅಂತಲ್ಲ. ಕಾರ್ಖಾನೆ ಕೊಡೋ ಬೆಲೆಗೆ ಅವರೂ ಬೈತಾರೆ. ಅಗ್ಗದ ಉಕ್ರೇನ್ ಧಾನ್ಯ ಬಂದು ಬೆಲೆ ಕೆಡಿಸ್ತು ಅಂತ 2023, 2024ರಲ್ಲಿ ಟ್ರ್ಯಾಕ್ಟರ್ ತಂದು ರಸ್ತೆ ಕಟ್ಟಿದರು. ಹೊರಡೋ ಮುಂಚೆ ಯಜಮಾನರಿಗೆ ‘ನಿಮ್ಮ ಮಕ್ಕಳು?’ ಅಂತ ಕೇಳಿದೆ. ಅವರು ಟೈಪ್ ಮಾಡಿ ಫೋನ್ ನನ್ನ ಕಡೆ ತಿರುಗಿಸಿದರು: ‘ನನ್ನ ಮಗ ನಾರ್ವೆಯಲ್ಲಿ. ನಿನ್ನ ತಮ್ಮ ನನ್ನ ಸೇಬಿನ ಹತ್ತಿರ.’

ನಾನು ಹೇಳೋದಿಷ್ಟು

ಹೋಗಬೇಡಿ ಅಂತ ನಾನು ಹೇಳೋದಿಲ್ಲ. ಸಾಲ ಕುತ್ತಿಗೆಗೆ ಬಂದವನಿಗೆ ‘ಮಣ್ಣು ತಾಯಿ, ಬಿಡಬೇಡ’ ಅಂತ ಉಪದೇಶ ಮಾಡೋದು ಸುಲಭ, ಅವನ ಬಡ್ಡಿ ನಾವು ಕಟ್ಟೋದಿಲ್ಲ. ಆದರೆ ಹೋಗೋದಾದರೆ ಕಾಗದ ನೋಡಿ ಹೋಗಿ:

- ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡಬಹುದು ಅಂದವನನ್ನು ನಂಬಬೇಡಿ. ಕೆಲಸದ ಪರವಾನಗಿಗೆ ಅಲ್ಲಿನ ಮಾಲೀಕರೇ ಅರ್ಜಿ ಹಾಕಬೇಕು. ಅದರಲ್ಲಿರೋ ಮಾಲೀಕರ ಹೆಸರು, ಕೆಲಸ, ಸಂಬಳ ಓದಿ.
- ತೋಟದಂಥ ಹಂಗಾಮಿ ಕೆಲಸದ ಪರವಾನಗಿ ಒಂದು ವರ್ಷದಲ್ಲಿ 9 ತಿಂಗಳು ಮೀರೋದಿಲ್ಲ. ‘ಖಾಯಂ’ ಅಂತ ಯಾರಾದರೂ ಹೇಳಿದರೆ ಎಚ್ಚರ.
- ಒಪ್ಪಂದ ನಿಮಗೆ ಅರ್ಥವಾಗೋ ಭಾಷೆಯಲ್ಲಿ ಕೇಳಿ ಪಡೆಯಿರಿ. ಪೋಲಿಷ್ ಕಾನೂನಿನಲ್ಲೇ ಅದಕ್ಕೆ ಅವಕಾಶ ಇದೆ.
- ಏಜೆಂಟ್ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿದೆಯಾ ನೋಡಿ. ನೋಂದಾಯಿತ ಏಜೆಂಟ್ ತಗೋಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಎದ್ದು ಬನ್ನಿ.

ಊರಲ್ಲೇ ಇರೋರಿಗೆ ಇನ್ನೊಂದು ಮಾತು. ಪೋಲೆಂಡಿನಿಂದ ತರಬೇಕಾದ್ದು ಯಂತ್ರ ಅಲ್ಲ, ಮೂರು ಅಭ್ಯಾಸ: ಒಂದೇ ಬೆಳೆ, ಒಬ್ಬನೇ ಕೊಳ್ಳುವವನ ಮೇಲೆ ಬೀಳದಿರೋದು, ಹಣ್ಣನ್ನು ತೋಟದಲ್ಲೇ ಗ್ರೇಡ್ ಮಾಡಿ ಬೆಲೆ ನಾವೇ ಕೇಳೋದು, ಅಕ್ಕಪಕ್ಕದವರ ಜೊತೆ ಸೇರಿ ಮಾರೋದು. ನಾವು ಐದು ಜನ ಸಾವಯವ ಸೀಬೆ ಬೆಳೆಗಾರರು ಈ ವರ್ಷ ಒಂದೇ ಶೆಡ್ಡಿನಲ್ಲಿ ಗ್ರೇಡ್ ಮಾಡ್ತಾ ಇದ್ದೀವಿ. ಗುಂಪಿನ ದೃಢೀಕರಣಕ್ಕೂ ಅರ್ಜಿ ಹಾಕಿದ್ದೀವಿ. ಮೊದಲ ತಿಂಗಳು ಜಗಳವೇ ಜಾಸ್ತಿ ಆಯಿತು: ನಿನ್ನ ಹಣ್ಣು ಎರಡನೇ ದರ್ಜೆ, ನನ್ನದು ಮೊದಲನೇದು ಅಂತ. ಕೊನೆಗೆ ಒಂದು ತಕಡಿಯೇ ನ್ಯಾಯ ಹೇಳಿತು. ಈಗ ಮೊದಲ ದರ್ಜೆಗೆ ಮಂಡಿ ಬೆಲೆಗಿಂತ ಜಾಸ್ತಿ ಸಿಗ್ತಾ ಇದೆ, ಎರಡನೆಯದು ತಿರುಳಿಗೆ ಹೋಗ್ತಾ ಇದೆ. ಸಾಹುಕಾರರೇನೂ ಆಗಿಲ್ಲ, ಆದರೆ ಹಣ್ಣು ರಸ್ತೆಗೆ ಸುರಿದಿಲ್ಲ.

ತಮ್ಮನನ್ನು ವಾಪಸ್ ಕರಕೊಂಡು ಬರೋಕೆ ನನ್ನಿಂದ ಆಗಲಿಲ್ಲ. ಅಸಲು ತೀರೋವರೆಗೆ ಅಲ್ಲೇ ಇರ್ತೀನಿ ಅಂದ, ಅದು ಅವನ ಲೆಕ್ಕ, ಸರಿಯಾಗೇ ಇದೆ. ಬಸ್ ಸ್ಟಾಪಿನವರೆಗೆ ಬಂದವನು ಕೊನೆಗೆ ಒಂದೇ ಮಾತು ಹೇಳಿದ: ‘ಅಣ್ಣಾ, ಆ ಎರಡು ಎಕರೆ ಬೀಳು ಬಿಡಬೇಡ.’ ಬಂದ ಮೇಲೆ ದಾಳಿಂಬೆ ಇದ್ದ ಜಾಗಕ್ಕೆ ಹುರುಳಿ, ಸೆಣಬು ಬಿತ್ತಿ ಮಣ್ಣಿಗೆ ಸೇರಿಸಿದ್ದೀನಿ. ಮುಂದಿನ ಮುಂಗಾರಿಗೆ ಒಂದು ಎಕರೆ ಸೀಬೆ, ಅರ್ಧ ಎಕರೆ ನುಗ್ಗೆ, ಉಳಿದದ್ದರಲ್ಲಿ ತರಕಾರಿ ಅಂತ ಯೋಚನೆ. ಈ ಸಲ ನಕ್ಷೆ ಬರೆದು ಅವನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೀನಿ. ‘ನೀನು ಒಪ್ಪಿದ ಮೇಲೇ ಗುಂಡಿ ತೆಗೆಯೋದು’ ಅಂತ ಬರೆದೆ. ಭಾನುವಾರ ನೋಡಿ ಹೇಳ್ತೀನಿ ಅಂದಿದ್ದಾನೆ.