ಮಾಂಸಕ್ಕೆ ಇಳಿಯುವ ಉಗುರು

ಶೂ ಹಾಕಿಕೊಳ್ಳುವಾಗ ಮಗ ಮುಖ ಕಿವಿಚುತ್ತಾನೆಯೇ? ಆಟದ ಪಿರಿಯಡ್ ಬಂದರೆ ಕುಂಟುತ್ತಾನೆಯೇ? ಒಮ್ಮೆ ಅವನ ಕಾಲಿನ ಹೆಬ್ಬೆರಳು ನೋಡಿ. ಉಗುರಿನ ಅಂಚು ಪಕ್ಕದ ಮಾಂಸಕ್ಕೆ ಚುಚ್ಚಿಕೊಂಡು, ಕೆಂಪಗೆ ಊದಿ, ಮುಟ್ಟಿದರೆ ನೋಯುತ್ತಿದ್ದರೆ ಅದು ಒಳಬೆಳೆದ ಉಗುರು. ಇದನ್ನು ಉಗುರುಸುತ್ತು ಎಂದೇ ತಿಳಿದು ನಿಂಬೆಹಣ್ಣು ಸಿಕ್ಕಿಸಿ ಕಾಯುವವರೂ ಉಂಟು. ಆದರೆ ಚುಚ್ಚುವ ಉಗುರು ಹಾಗೇ ಇರುವವರೆಗೆ ನೋವು ಹೋಗದು.

ಹದಿಹರೆಯದಲ್ಲಿ ಈ ತೊಂದರೆ ಹೆಚ್ಚು. ಬಿಗಿಯಾದ ಶೂ, ಬೆವರಿನಿಂದ ಮೆತ್ತಗಾದ ಚರ್ಮ, ಆಟದಲ್ಲಿ ಬಿದ್ದ ಪೆಟ್ಟು ಇದಕ್ಕೆ ಕಾರಣಗಳು. ಜೊತೆಗೆ ಉಗುರಿನ ಮೂಲೆಯನ್ನು ಆಳವಾಗಿ ಕತ್ತರಿಸುವ ಅಭ್ಯಾಸ. ಮೂಲೆ ತೆಗೆದೊಡನೆ ನೋವು ತಗ್ಗಿದಂತೆ ಅನಿಸುತ್ತದೆ. ಆದರೆ ಒಳಗೆ ಉಳಿದ ಮುಳ್ಳಿನಂಥ ಚೂರು ಬೆಳೆಯುತ್ತ ಮತ್ತೆ ಮಾಂಸಕ್ಕೇ ಇಳಿಯುತ್ತದೆ.

ಆರಂಭದಲ್ಲಿ ಮನೆಯ ಆರೈಕೆ ಸಾಕು. ದಿನಕ್ಕೆ 3-4 ಬಾರಿ, 15-20 ನಿಮಿಷ ಪಾದವನ್ನು ಉಗುರುಬೆಚ್ಚಗಿನ ನೀರಿನಲ್ಲಿಡಬೇಕು. ಚೆನ್ನಾಗಿ ಒರೆಸಿ, ಉಗುರಿನ ಅಂಚಿನಡಿ ಶುದ್ಧ ಹತ್ತಿಯ ಸಣ್ಣ ಎಳೆ ಇಡಬೇಕು. ಅದನ್ನು ದಿನವೂ ಬದಲಿಸಬೇಕು. ಗುಣವಾಗುವವರೆಗೆ ಚಪ್ಪಲಿಯಲ್ಲಿ ಬರಲು ಶಾಲೆಯಲ್ಲಿ ಅನುಮತಿ ಕೇಳುವುದು ಒಳ್ಳೆಯದು.

ಕೀವು ಬಂದರೆ, ಊತ ಏರಿದರೆ, ಕೆಲವು ದಿನಗಳಲ್ಲಿ ಗುಣ ಕಾಣದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಬೆರಳಿಗೆ ಮಾತ್ರ ಅರಿವಳಿಕೆ ಕೊಟ್ಟು, ಚುಚ್ಚುವ ಅಂಚನ್ನಷ್ಟೇ ತೆಗೆಯುತ್ತಾರೆ. ಅದು ಮತ್ತೆ ಬೆಳೆಯದಂತೆ ಬುಡಕ್ಕೆ ಫೀನಾಲ್ ಎಂಬ ರಾಸಾಯನಿಕ ಹಚ್ಚುವುದೂ ಉಂಟು. ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು. ಮಧುಮೇಹವಿರುವವರು ಮಾತ್ರ ಮನೆಮದ್ದಿಗೆ ಕೈಹಾಕದೆ ಮೊದಲೇ ವೈದ್ಯರನ್ನು ಕಾಣಬೇಕು.

ವಾಸಿಯಾದ ಮೇಲೆ ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ಹಾಗೆಯೇ ಬಿಡಿ. ಬೆಳೆಯುವ ಮಕ್ಕಳ ಶೂ ಬಿಗಿಯಾಗಿದೆಯೇ ಎಂದು ಆಗಾಗ ನೋಡುತ್ತಿರಿ.