ಅನುಪಾತದ ಚಿಹ್ನೆ ಮತ್ತು ಅದರ ಅರ್ಥ

ಗಣಿತದಲ್ಲಿ ಚಿಹ್ನೆಯೆಂಬುದು ವಿಚಾರದ ಸಂಕ್ಷಿಪ್ತ ರೂಪ. ವಿಚಾರವು ಸ್ಪಷ್ಟವಾಗಿದ್ದಲ್ಲಿ ಚಿಹ್ನೆಯು ಶ್ರಮವನ್ನು ಉಳಿಸುತ್ತದೆ. ವಿಚಾರವೇ ಮಸುಕಾಗಿದ್ದಲ್ಲಿ ಅದೇ ಚಿಹ್ನೆಯು ಭ್ರಮೆಗೆ ಎಡೆಗೊಡುತ್ತದೆ. ಅನುಪಾತವನ್ನು ಸೂಚಿಸುವ ಎರಡು ಚುಕ್ಕೆಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸತ್ಯ.

ಈ ಚುಕ್ಕೆಗಳ ವಯಸ್ಸು ಹೆಚ್ಚಿನದಲ್ಲ. ಇಂಗ್ಲೆಂಡಿನ ವಿಲಿಯಂ ಔಟ್ರೆಡ್ 1631ರಲ್ಲಿ ಸಮಾನುಪಾತಕ್ಕೆ ನಾಲ್ಕು ಚುಕ್ಕೆಗಳನ್ನು ಬಳಸಿದನು. ಜರ್ಮನಿಯ ಲೈಬ್ನಿಟ್ಸ್ 1684ರಲ್ಲಿ ಭಾಗಾಕಾರಕ್ಕೆ ಎರಡು ಚುಕ್ಕೆಗಳನ್ನು ಬಳಕೆಗೆ ತಂದನು. ಆದರೆ ಅನುಪಾತದ ವಿಚಾರವು ಕನ್ನಡ ನಾಡಿಗೆ ಬಹು ಹಳೆಯದು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ತ್ರೈರಾಶಿಕಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಪ್ರಮಾಣ, ಫಲ, ಇಚ್ಛೆ ಎಂಬವು ಅದರ ಮೂರು ರಾಶಿಗಳು. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕೆಂಬುದು ನಿಯಮ. ಅಲ್ಲಿ ಚುಕ್ಕೆಗಳಿರಲಿಲ್ಲ; ರಾಶಿಗಳ ಹೆಸರುಗಳೇ ಲೆಕ್ಕಿಗನನ್ನು ತಪ್ಪಿನಿಂದ ಕಾಯುತ್ತಿದ್ದವು.

ಇಂದಿನ ವಿದ್ಯಾರ್ಥಿಗೆ ಆ ಕಾವಲು ಇಲ್ಲ. ಗೋಕಾಕದಲ್ಲಿ ಮನೆ ಕಟ್ಟುವ ಗವಂಡಿಯು 1:2:4 ಎಂದರೆ ಅದು ನಿಜವಾದ ಅನುಪಾತ: ಒಂದು ಬುಟ್ಟಿ ಸಿಮೆಂಟಿಗೆ ಎರಡು ಬುಟ್ಟಿ ಉಸುಕು, ನಾಲ್ಕು ಬುಟ್ಟಿ ಖಡಿ. ಬುಟ್ಟಿಯು ಚಿಕ್ಕದಿರಲಿ, ದೊಡ್ಡದಿರಲಿ, ಮಿಶ್ರಣವು ಬದಲಾಗದು. ಮೂಡಲಗಿಯ ಕಬ್ಬಿನ ರೈತನು ಕೊಳ್ಳುವ ಗೊಬ್ಬರದ ಚೀಲದ ಮೇಲೆಯೂ 17:17:17, 19:19:19 ಎಂಬ ಅದೇ ಚುಕ್ಕೆಗಳಿವೆ. ಪಾಠದ ನಿಯಮದಂತೆ ಸಂಕ್ಷೇಪಿಸಿದರೆ ಎರಡೂ 1:1:1 ಆಗುತ್ತವೆ. ವಾಸ್ತವದಲ್ಲಿ ಅವು ಸಾರಜನಕ, ರಂಜಕ, ಪೊಟ್ಯಾಶುಗಳ ಶೇಕಡಾ ಪ್ರಮಾಣಗಳು. 50 ಕಿಲೋ ಚೀಲವೊಂದರಲ್ಲಿ ಮೊದಲನೆಯದು ಪ್ರತಿಯೊಂದು ಪೋಷಕಾಂಶವನ್ನು 8.5 ಕಿಲೋ, ಎರಡನೆಯದು 9.5 ಕಿಲೋ ಕೊಡುತ್ತದೆ. ಚೀಲದ ಬೆಲೆಯನ್ನಷ್ಟೇ ಹೋಲಿಸಿ, ಸತ್ವವು ಸಮಾನವೆಂದು ನಂಬಿದವನು ಮೋಸಹೋದಂತೆಯೇ.

ಹುಕ್ಕೇರಿ ತಾಲೂಕಿನ ಸಕ್ಕರೆ ಇಳುವರಿಯ ಲೆಕ್ಕವೂ ಇಂಥದೇ. 100 ಕಿಲೋ ಕಬ್ಬಿಗೆ 10 ಕಿಲೋ ಸಕ್ಕರೆ ಬಂದರೆ ಇಳುವರಿ ಶೇ. 10. ಅದು ಶೇ. 11ಕ್ಕೇರಿದರೆ ಅಂಕಿಯಲ್ಲಿ ಹೆಚ್ಚಿದ್ದು ಒಂದೇ. ಸಕ್ಕರೆಯಲ್ಲಿ ಹೆಚ್ಚಿದ್ದು ಹತ್ತನೆಯ ಒಂದು ಭಾಗ. ಕಬ್ಬಿನ ಬೆಲೆಯು ಇಳುವರಿಯನ್ನು ಅವಲಂಬಿಸಿರುವಾಗ ಈ ವ್ಯತ್ಯಾಸವನ್ನು ಅರಿಯದಿರುವುದು ನಷ್ಟಕ್ಕೆ ಕಾರಣವಾದೀತು. ಗೋಕಾಕದ ನೂಲಿನ ಗಿರಣಿಯಲ್ಲಿಯಂತೂ ಚಿಹ್ನೆಯೇ ಅಡಗಿದೆ: 20 ನಂಬರಿನ ನೂಲೆಂದರೆ ಒಂದು ಪೌಂಡಿಗೆ 840 ಗಜದ 20 ಲಡಿಗಳು. ನಂಬರು ಏರಿದಷ್ಟೂ ನೂಲು ತೆಳುವಾಗುವುದೇಕೆಂದು ಈ ಅನುಪಾತವನ್ನು ಬಿಡಿಸಿದಾಗಲೇ ತಿಳಿಯುವುದು.

ಇವು ವ್ಯಾಪಾರದ ರೂಢಿಗಳು, ಶಾಲೆಯ ಗಣಿತಕ್ಕೆ ಸಂಬಂಧಿಸಿದವಲ್ಲವೆಂದು ಕೆಲವರು ಹೇಳಬಹುದು. ಆದರೆ ಶಾಲೆಯಲ್ಲಿ ಕಲಿತ ಗಣಿತವನ್ನು ವಿದ್ಯಾರ್ಥಿಯು ಒಯ್ಯುವುದು ಹೊಲಕ್ಕೆ, ಗಿರಣಿಗೆ, ಪೇಟೆಗೆ ಅಲ್ಲವೇ? ರೂಢಿಯನ್ನು ಬದಲಿಸುವುದು ಶಾಲೆಯ ಕೈಯಲ್ಲಿಲ್ಲ; ಅದನ್ನು ಪರೀಕ್ಷಿಸುವ ಬುದ್ಧಿಯನ್ನು ಬೆಳೆಸುವುದು ಖಂಡಿತವಾಗಿಯೂ ಅದರ ಹೊಣೆ.

ಆದುದರಿಂದ ಅನುಪಾತದ ಪಾಠವು ಚುಕ್ಕೆಗಳಿಂದ ಆರಂಭವಾಗಬಾರದು. ಯಾವುದಕ್ಕೆ ಯಾವುದು, ಯಾವ ಮಾನದಲ್ಲಿ, ಎಷ್ಟರ ಒಟ್ಟಿನಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಬಾಲಕನು ಮೊದಲು ಕೇಳಲಿ. ‘3ಕ್ಕೆ 4 ಹೇಗೋ 6ಕ್ಕೆ 8 ಹಾಗೆ’ ಎಂದು ಬಾಯ್ದೆರೆದು ಓದಲಿ. ಅನಂತರ ಬರೆದ ಎರಡು ಚುಕ್ಕೆಗಳು ಅವನ ಪಾಲಿಗೆ ಬರಿಯ ಶಾಯಿಯ ಗುರುತಾಗಿರದೆ, ವಿವೇಕದ ಕಣ್ಣುಗಳಾಗುವುವು.