ಐದು ರಾತ್ರಿಯ ಕಾವಲು

ಬರೋಡದಿಂದ ಓದುಗ ಮಹಿಳೆಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. (ಊರು ವಡೋದರಾ ಆಗಿ ಎಷ್ಟೋ ಕಾಲವಾಯಿತು, ನಮ್ಮವರ ಬಾಯಲ್ಲಿ ಇನ್ನೂ ಬರೋಡವೇ.) "ನೀವು ಓದುತ್ತಿದ್ದ ಕಾಲದಲ್ಲಿ ಹುಡುಗರೆಲ್ಲ ಹುಚ್ಚು ಹಿಡಿದಂತೆ ಆಡುತ್ತಿದ್ದ ಆ ಕರಡಿ ಗೊಂಬೆಯ ಆಟವನ್ನು ಈಗ ನನ್ನ ಮಗ ಕೇಳುತ್ತಿದ್ದಾನೆ. ಅದರಲ್ಲಿ ಇನ್ನೂ ಸತ್ವ ಉಂಟೆ? ಆಡಲು ಬಿಡಬಹುದೆ?" ಎಂದು ಅವರ ಪ್ರಶ್ನೆ. ಉತ್ತರ ಹೇಳಬೇಕಾದರೆ ಮತ್ತೊಮ್ಮೆ ಆಡಿ ನೋಡಬೇಕಷ್ಟೆ. ಆಡಿದೆವು. ಸರ್ಕಾರಿ ನೌಕರನಿಗೆ ಎರಡನೆಯ ಶನಿವಾರದ ರಜೆ ಇರುವುದು ಮತ್ತೇತಕ್ಕೆ?

ಆಟದ ಹೆಸರು 'ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್'. 2014ರ ಆಗಸ್ಟ್ 8ರಂದು ಹೊರಬಂತು. ದೊಡ್ಡ ಕಂಪನಿಯ ಸರಕಲ್ಲ. ಅಮೆರಿಕದ ಸ್ಕಾಟ್ ಕಾಥನ್ ಎಂಬ ಒಬ್ಬನೇ ಮನುಷ್ಯ ಕುಳಿತು ಮಾಡಿದ್ದು. ಅದಕ್ಕೆ ಮೊದಲು ಆತ ಮಕ್ಕಳಿಗೆಂದು ಮುದ್ದು ಪ್ರಾಣಿಗಳ ಆಟವೊಂದನ್ನು ಮಾಡಿದ್ದ. ನೋಡಿದವರು, "ಇವು ಪ್ರಾಣಿಗಳಲ್ಲ, ಕೀಲು ಕೊಟ್ಟ ಗೊಂಬೆಗಳು, ನೋಡಿದರೆ ಭಯವಾಗುತ್ತದೆ" ಎಂದು ಮೂದಲಿಸಿದರು. ಬೇರೆಯವನಾಗಿದ್ದರೆ ಅಂಗಡಿ ಮುಚ್ಚುತ್ತಿದ್ದ. ಈತ, "ಭಯವೇ ಆಗುವುದಾದರೆ ನೆಟ್ಟಗೆ ಆಗಲಿ" ಎಂದುಕೊಂಡನೋ ಏನೋ, ಮುಂದಿನ ಆಟದಲ್ಲಿ ಆ ಗೊಂಬೆಗಳನ್ನೇ ಭೂತ ಮಾಡಿದ.

ಆಡುವವನು ಒಂದು ಪಿಜ್ಜಾ ಅಂಗಡಿಯ ರಾತ್ರಿ ಕಾವಲುಗಾರ. ಅಂಗಡಿಯಲ್ಲಿ ಮಕ್ಕಳ ಮುಂದೆ ಹಾಡುವ ಯಂತ್ರದ ಗೊಂಬೆಗಳಿವೆ: ಫ್ರೆಡ್ಡಿ ಎಂಬ ಕರಡಿ, ಬಾನಿ ಎಂಬ ಮೊಲ, ಚಿಕಾ ಎಂಬ ಕೋಳಿ, ಫಾಕ್ಸಿ ಎಂಬ ನರಿ. ಹಗಲು ಹಾಡುವ ಇವು ರಾತ್ರಿ ಎದ್ದು ತಿರುಗುತ್ತವೆ. ಕಾವಲುಗಾರನ ಕೋಣೆ ಹೊಕ್ಕರೆ ಅವನ ಕತೆ ಮುಗಿಯಿತು. ಅವನು ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಎಡಕ್ಕೊಂದು ಬಾಗಿಲು, ಬಲಕ್ಕೊಂದು ಬಾಗಿಲು, ಎರಡು ದೀಪ, ಒಂದು ಫ್ಯಾನು, ಕ್ಯಾಮೆರಾಗಳು ತೋರಿಸುವ ಮಸುಕು ಚಿತ್ರ. ಇಷ್ಟೇ ಅವನ ಆಸ್ತಿ. ನಡುರಾತ್ರಿ ಹನ್ನೆರಡರಿಂದ ಬೆಳಗಿನ ಆರರವರೆಗೆ ಉಳಿಯಬೇಕು. ನಮ್ಮ ಗಡಿಯಾರದಲ್ಲಿ ಅದು ಹೆಚ್ಚು ಕಡಿಮೆ 9 ನಿಮಿಷ. ಹೀಗೆ ಐದು ರಾತ್ರಿ. ಕತ್ತಿಯಿಲ್ಲ, ಕೋವಿಯಿಲ್ಲ, ಓಡುವಂತಿಲ್ಲ. ಕುರ್ಚಿಯಲ್ಲಿ ಕುಳಿತು ಹೊತ್ತು ಕಳೆಯುವುದೇ ಆಟ. ಈ ವಿದ್ಯೆಯಲ್ಲಿ ನಮಗೆ ಮೊದಲೇ ಅಭ್ಯಾಸ ಉಂಟೆಂದು ಓದುಗರು ನಗುವುದಾದರೆ ನಗಲಿ.

ನಾವು ಬಿ.ಎ. ಓದುವಾಗ ಇದನ್ನು ಆಡಿದವರಿಗಿಂತ, ಬೇರೆಯವರು ಆಡಿ ಕಿರುಚುವುದನ್ನು ಯೂಟ್ಯೂಬಿನಲ್ಲಿ ನೋಡಿದವರೇ ಹೆಚ್ಚು. ಮಾರ್ಕಿಪ್ಲೈಯರ್ ಎಂಬಾತ ಹೆದರಿ ಹೆದರಿಯೇ ಲೋಕಪ್ರಸಿದ್ಧನಾದ. ಒಂದು ವರ್ಷ ತುಂಬುವುದರೊಳಗೆ ಆಟದ ನಾಲ್ಕು ಭಾಗ ಬಂದವು. 2023ರಲ್ಲಿ ಸಿನಿಮಾ ಕೂಡ ಆಯಿತು. ಸಿನಿಮಾ ನೋಡುತ್ತ ನಾವು ತೂಕಡಿಸಿದೆವು. ಅದರ ಮಾತು ಅಷ್ಟಕ್ಕೇ ಸಾಕು.

ಈಗ ಮೊದಲ ಪ್ರಶ್ನೆ. ಗೊಂಬೆಯ ಮುಖ ಫಕ್ಕನೆ ಪರದೆಯ ತುಂಬ ಬಂದು ಕಿರುಚುತ್ತದಲ್ಲ, ಆ ಹೆದರಿಕೆ ಹಳಸಿದೆ. ಮೊದಲ ಸಲ ಎದೆ ಬಾಯಿಗೆ ಬರುತ್ತದೆ, ನಿಜ. ನಾಲ್ಕನೆಯ ಸಲಕ್ಕೆ ದೀಪಾವಳಿಯ ಮೂರನೆಯ ದಿನದ ಪಟಾಕಿಯಂತೆ ಕಿವಿ ಒಗ್ಗಿಹೋಗುತ್ತದೆ. ಅದರ ಒಳಗುಟ್ಟನ್ನೂ ಜನ ಬಿಡಿಸಿಟ್ಟಿದ್ದಾರೆ. ಮೂರರಿಂದ ಐದು ಸೆಕೆಂಡಿಗೊಮ್ಮೆ ಯಂತ್ರ 1ರಿಂದ 20ರೊಳಗೆ ಒಂದು ಚೀಟಿ ಎತ್ತುತ್ತದೆ. ಗೊಂಬೆಗೆ ಆ ರಾತ್ರಿ ಗೊತ್ತುಮಾಡಿದ ಅಂಕವನ್ನು ಚೀಟಿ ಮೀರದಿದ್ದರೆ ಗೊಂಬೆ ಒಂದು ಹೆಜ್ಜೆ ಮುಂದೆ. ಇಷ್ಟು ತಿಳಿದ ಮೇಲೆ ಭೂತ ಎಲ್ಲಿಂದ ಬರಬೇಕು? ನಮ್ಮ ಹಿರಿಯರು 1979ರಲ್ಲಿ ಅನಂತನಾಗ್, ಲಕ್ಷ್ಮಿಯವರ 'ನಾ ನಿನ್ನ ಬಿಡಲಾರೆ' ನೋಡಿ ರಾತ್ರಿ ಹಿತ್ತಲಿಗೆ ಹೋಗಲು ಅಂಜುತ್ತಿದ್ದರಂತೆ. ಅದೇ ಚಿತ್ರವನ್ನು ಇಂದಿನ ಮಕ್ಕಳು ಹಪ್ಪಳ ಕಡಿಯುತ್ತ ನೋಡುತ್ತಾರೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ದೆವ್ವವನ್ನು ಸಾಗಹಾಕಲು 'ನಾಳೆ ಬಾ' ಎಂದು ಬರೆದರು. ಆ ಮಂತ್ರ ನಮ್ಮ ಕಛೇರಿಗಳಲ್ಲಿ ಮಾತ್ರ ಇಂದಿಗೂ ಶಕ್ತಿ ಕಳೆದುಕೊಂಡಿಲ್ಲ.

ಹಳಸದೆ ಉಳಿದದ್ದು ಕಿರುಚಾಟವಲ್ಲ, ಸುಮ್ಮನಿರುವಿಕೆ. ಬರೋಡದ ಸಯಾಜಿ ಬಾಗಿನ ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನ ಮಮ್ಮಿಯೊಂದಿದೆ. ಅದೇ ಕಟ್ಟಡದಲ್ಲಿರುವ ನೀಲಿ ತಿಮಿಂಗಿಲದ ಭಾರಿ ಅಸ್ಥಿಪಂಜರಕ್ಕೆ ಅಂಜದ ಮಕ್ಕಳು ಈ ಪುಟ್ಟ ಮಮ್ಮಿಯ ಮುಂದೆ ಅಮ್ಮನ ಸೆರಗು ಹಿಡಿಯುವುದನ್ನು ನಾವೇ ನೋಡಿದ್ದೇವೆ. ಅದು ಏನನ್ನೂ ಮಾಡುವುದಿಲ್ಲ. ಮಾಡಿಬಿಟ್ಟರೆ ಎಂಬುದೇ ಭಯ. ಈ ಆಟದಲ್ಲಿಯೂ ನರಿಯೊಂದನ್ನು ಬಿಟ್ಟರೆ ಯಾವ ಗೊಂಬೆಯೂ ನಮ್ಮ ಕಣ್ಣೆದುರು ನಡೆಯುವುದಿಲ್ಲ. ಒಮ್ಮೆ ನೋಡಿದರೆ ವೇದಿಕೆಯ ಮೇಲೆ ಮೂರು; ಮತ್ತೊಮ್ಮೆ ನೋಡಿದರೆ ಎರಡು. ಅಡಿಗೆಮನೆಯ ಕ್ಯಾಮೆರಾದಲ್ಲಂತೂ ಚಿತ್ರವೇ ಇಲ್ಲ. ಪಾತ್ರೆ ಸದ್ದು ಮಾತ್ರ ಕೇಳುತ್ತದೆ. ರಾತ್ರಿ ಅಡಿಗೆಮನೆಯಲ್ಲಿ ಲೋಟ ಉರುಳಿದಾಗ "ಬೆಕ್ಕಿರಬೇಕು" ಎಂದು ತನಗೆ ತಾನೇ ಹೇಳಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತು ವರ್ಷ ಕಳೆದ ಮೇಲೂ ಆ ಸದ್ದಿಗೆ ನಮ್ಮ ಕೈ ತಣ್ಣಗಾಯಿತು.

ಇನ್ನೊಂದು, ಕರೆಂಟು. ಬಾಗಿಲು ಮುಚ್ಚಿದರೆ ಕರೆಂಟು ಕರಗುತ್ತದೆ. ದೀಪ ಹಾಕಿದರೆ, ಕ್ಯಾಮೆರಾ ನೋಡಿದರೆ ಇನ್ನಷ್ಟು. ನೋಡದೆಯೇ ಕುಳಿತರೆ ನರಿ ಓಡಿ ಬರುತ್ತದೆ. ನೂರರಿಂದ ಸೊನ್ನೆಗೆ ಇಳಿದೊಡನೆ ದೀಪ ಆರಿ ಬಾಗಿಲುಗಳು ತೆರೆದುಕೊಳ್ಳುತ್ತವೆ. ಕತ್ತಲಲ್ಲಿ ಕರಡಿಯ ಮುಖ ಮಿನುಗಿ, ಬಿಜೆಯ 'ಕಾರ್ಮೆನ್' ಸಂಗೀತನಾಟಕದ ಧಾಟಿಯೊಂದು ಮೊಳಗುತ್ತದೆ. ಆ ಧಾಟಿ ಮುಗಿಯುವುದರೊಳಗೆ ಆರು ಹೊಡೆದರೆ ಬದುಕಿದಿರಿ. ಪರೀಕ್ಷೆಯ ಹಿಂದಿನ ರಾತ್ರಿ ಲೋಡ್ ಶೆಡ್ಡಿಂಗಿನಲ್ಲಿ ಮೇಣದ ಬತ್ತಿಯ ಉದ್ದ ಅಳೆಯುತ್ತ ಓದಿದ ನಮಗೆ ಈ ಲೆಕ್ಕ ಕರುಳಿಗೆ ತಾಗುತ್ತದೆ. ಆದರೆ ಗುಜರಾತಿನಲ್ಲಿ 2003ರಲ್ಲಿ ಜ್ಯೋತಿಗ್ರಾಮ ಯೋಜನೆ ಹೊರಟು ಹಳ್ಳಿಗಳಿಗೂ ದಿನವಿಡೀ ಕರೆಂಟು ಬಂತು. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಕರೆಂಟು ಹೋಗುವ ಭಯ ಹೇಗೆ ತಿಳಿಯಬೇಕು?

ಈ ಸಂಶಯ ಬಗೆಹರಿಸಲು ಸೂರತ್ತಿನ ಅಕ್ಕನ ಮನೆಗೆ ಹೋದಾಗ ಅವಳ ಹದಿಮೂರು ವರ್ಷದ ಮಗನನ್ನು ಆಟಕ್ಕೆ ಕೂರಿಸಿದೆವು. ಕರೆಂಟಿನ ಅಂಕ ನಾಲ್ಕಕ್ಕೆ ಇಳಿದಾಗ ಅವನ ಮುಖ ಬಿಳಿಚಿತು. "ಮಾಮ, ಚಾರ್ಜರ್ ಇಲ್ಲದೆ ಬಸ್ಸಿನಲ್ಲಿ ಸಿಕ್ಕಿಕೊಂಡ ಹಾಗೆ!" ಎಂದ. ಸರಿ, ಆ ಭಯಕ್ಕೆ ವಾರಸುದಾರರು ಸಿಕ್ಕಿದರು.

ಆದರೆ ಆಟದಲ್ಲಿ ಅಂದಿಗಿಂತ ಇಂದು ಹೆಚ್ಚಾದ ಹೆದರಿಕೆಯೂ ಒಂದುಂಟು. ಪ್ರತಿ ರಾತ್ರಿಯ ಆರಂಭದಲ್ಲಿ ಫೋನು ಮೊಳಗಿ, ಹಿಂದಿನ ಕಾವಲುಗಾರನ ಧ್ವನಿಮುದ್ರಿಕೆ ಕೇಳಿಸುತ್ತದೆ. ಮೊದಲ ರಾತ್ರಿ ಆತ ಕಂಪನಿಯ ಸೂಚನೆಯೊಂದನ್ನು ನಗುನಗುತ್ತ ಓದುತ್ತಾನೆ: ಪ್ರಾಣಕ್ಕೆ ಬಂದರೆ ಕಂಪನಿ ಹೊಣೆಯಲ್ಲ, ಕಾಣೆಯಾದವರ ಬಗ್ಗೆ 90 ದಿನದೊಳಗೆ, ಅಥವಾ ನೆಲ ತೊಳೆದು ಜಮಖಾನೆ ಬದಲಾಯಿಸಿದ ಕೂಡಲೆ, ದೂರು ಕೊಡಲಾಗುವುದು. ಇಪ್ಪತ್ತರ ಹುಡುಗರಾಗಿದ್ದಾಗ ಇದು ನಮಗೆ ಹಾಸ್ಯ. ಈಗ, ಇಂಥ ಕಾಗದಗಳನ್ನು ದಿನವೂ ಟೈಪು ಮಾಡುವ ಕಾಲದಲ್ಲಿ, ಆ ಕರಡು ಬರೆದ ಗುಮಾಸ್ತ ನಮ್ಮ ಕುಲದವನೇ ಎಂದು ತಿಳಿದು ಮೈ ಜುಮ್ಮೆಂದಿತು. ನಾಲ್ಕನೆಯ ರಾತ್ರಿ ಆ ಧ್ವನಿಯ ಹಿಂದೆ ಬಾಗಿಲು ಬಡಿಯುವ ಸದ್ದು ಕೇಳುತ್ತದೆ; ಆಮೇಲೆ ಅವನ ಮಾತಿಲ್ಲ.

ಐದು ರಾತ್ರಿ ಮುಗಿದರೆ ಕೈಗೆ 120 ಡಾಲರಿನ ಚೆಕ್ಕು. ಗಂಟೆಗೆ 4 ಡಾಲರು. ಕತೆ 1993ರದೆಂದು ಅಭಿಮಾನಿಗಳ ಊಹೆ. ಆ ವರ್ಷ ಅಮೆರಿಕದ ಕೇಂದ್ರ ಸರ್ಕಾರ ಗೊತ್ತುಮಾಡಿದ್ದ ಕನಿಷ್ಠ ಕೂಲಿಯೇ 4.25 ಡಾಲರು! ಆರನೆಯ ರಾತ್ರಿಗೂ ಬಂದರೆ ಚೆಕ್ಕಿನಲ್ಲಿ 50 ಸೆಂಟು ಹೆಚ್ಚು. ಏಳನೆಯ ರಾತ್ರಿಯ ನಂತರ ಕೆಲಸದಿಂದ ವಜಾ. ಕಾರಣಗಳಲ್ಲಿ ಮೈವಾಸನೆಯೂ ಒಂದು.

ಹುಡುಗ ಎರಡನೆಯ ರಾತ್ರಿಯ ನಡುವೆ ಆಟ ನಿಲ್ಲಿಸಿ ಕೇಳಿದ: "ಮಾಮ, ಒಂದು ರಾತ್ರಿ ಬದುಕಿ ಉಳಿದವನು ಮತ್ತೆ ಯಾಕೆ ಬರ್ತಾನೆ? ಬಿಟ್ಟು ಹೋಗಬಾರದಾ?" ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಭಾವನವರಿಗೆ ಹಜೀರಾದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ. ಹಗಲು ಒಳಕೋಣೆಯಲ್ಲಿ ಪರದೆ ಎಳೆದು ಮಲಗುತ್ತಾರೆ. ಅಲ್ಲಿಂದಲೇ ದನಿ ಬಂತು: "ಸ್ಕೂಲ್ ಫೀಸ್ ಕಟ್ಟೋದಿರಬೇಕು ಕಣೋ." ಅವರು ಎಚ್ಚರವಾಗಿದ್ದದ್ದು ನಮಗೆ ತಿಳಿದಿರಲಿಲ್ಲ. ಹುಡುಗ ಮತ್ತೇನೂ ಕೇಳದೆ ಸದ್ದನ್ನು ಪೂರ್ತಿ ಇಳಿಸಿದ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದ.

ಸಂಜೆ ಅವನನ್ನು ಡುಮಸ್ ಕಡಲ ತೀರಕ್ಕೆ ಕರೆದೊಯ್ದೆವು. ಕತ್ತಲಾದ ಮೇಲೆ ಅಲ್ಲಿ ದೆವ್ವಗಳ ಓಡಾಟವೆಂದು ದೇಶಕ್ಕೆಲ್ಲ ಪ್ರಸಿದ್ಧಿ. ಟೊಮೇಟೊ ಭಜಿಯದ ಅಂಗಡಿಗಳ ಮುಂದಿನ ಗುಂಪು ಅದರಿಂದ ಕರಗಿದ್ದು ನಮಗೆ ಕಾಣಲಿಲ್ಲ.

ಇನ್ನು ಬರೋಡದ ತಾಯಿಗೆ. ಮಗನ ವಯಸ್ಸು ಕಾಗದದಲ್ಲಿಲ್ಲ. ಹತ್ತರೊಳಗಾದರೆ ಖಂಡಿತ ಬೇಡ. ಗೊಂಬೆಗಳ ಹಿಂದೆ ಐದು ಮಕ್ಕಳು ಕಾಣೆಯಾದ ಕತೆಯುಂಟು, ಆಟದ ಗೋಡೆಯ ಮೇಲೆ ಅದರ ಪತ್ರಿಕಾ ವರದಿಗಳು ಆಗೀಗ ಕಾಣಿಸುತ್ತವೆ. ಹನ್ನೆರಡು ಹದಿಮೂರಾಗಿದ್ದರೆ ಆಡಲಿ. ಹಗಲು ಹೊತ್ತು ಆಡಲಿ. ಹೆಡ್‌ಫೋನು ಬೇಡ, ಅರ್ಧ ಹೆದರಿಕೆ ಇರುವುದು ಸದ್ದಿನಲ್ಲಿಯೇ. ಮುಂದಿನ ಭಾಗಗಳಿಗೆ ಅವಸರವಿಲ್ಲ, ಮೊದಲನೆಯದೊಂದೇ ಸಾಕು. ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ. ಫೋನಿನ ಮಾತನ್ನು ಅವನು ನಿಲ್ಲಿಸಹೊರಟರೆ ನಿಲ್ಲಿಸಲು ಬಿಡಬೇಡಿ. 120 ಡಾಲರಿನ ಚೆಕ್ಕು ಬಂದಾಗ ಅದನ್ನು 30 ಗಂಟೆಯಿಂದ ಭಾಗಿಸಲು ಅವನಿಗೇ ಹೇಳಿ.